ಒಳಜೇಬು

"ಇನ್ನೊಂಚೂರು ಎತ್ತೇ," ಎಂದಳು ಹೊಲಿಗೆಯಕ್ಕ.

ಮಗಳು ಅಪ್ಪನ ಭುಜದ ಕೆಳಗೆ ಎರಡೂ ಕೈ ಕೊಟ್ಟು ಎತ್ತಿದಳು. ಬಲಗೈ ಆಗಲೇ ಅಂಗಿಯ ತೋಳಿನೊಳಗೆ ಇಳಿದಿತ್ತು. ಎಡಗೈ ಮಾತ್ರ ಜಪ್ಪಯ್ಯ ಅಂದರೂ ಮಡಚುತ್ತಿರಲಿಲ್ಲ. ಬದುಕಿದ್ದಾಗಲೂ ಅಂಗಿಗೆ ಅಳತೆ ಹಿಡಿದರೆ ಹೀಗೆಯೇ ಬಿಗಿದುಕೊಂಡು ನಿಲ್ಲುತ್ತಿದ್ದ ಮನುಷ್ಯ. ಬೀದಿಯವರ ತಲೆಗಳನ್ನೆಲ್ಲ ಹಿಡಿದು ಅತ್ತ ಇತ್ತ ತಿರುಗಿಸುತ್ತಿದ್ದವನಿಗೆ ತನ್ನ ಮೈ ಇನ್ನೊಬ್ಬರು ಮುಟ್ಟಿದರೆ ಆಗುತ್ತಿರಲಿಲ್ಲ.

"ಬೆನ್ನ ಕಡೆ ಕತ್ತರಿ ಹಾಕಿಬಿಡೋಣಮ್ಮ. ಯಾರಿಗೆ ಕಾಣುತ್ತೆ?"

"ನಂಗೆ ಕಾಣುತ್ತೆ."

ಕಿಟಕಿ ಪಕ್ಕದ ಮೆಷಿನ್ನಿನಲ್ಲಿ ಕೂತು ಊರವರ ಬಟ್ಟೆಗಳನ್ನು ಬಿಗಿ ಮಾಡುವುದು, ಸಡಿಲ ಮಾಡುವುದು ಅವಳ ಕೆಲಸ. ಗಂಡನ ಅಂಗಿಗಳನ್ನಂತೂ ಬೇರೆಯವರ ಕೈಗೆ ಕೊಟ್ಟವಳಲ್ಲ. ತೋಳಿನ ಹೊಲಿಗೆ ಒಂದಿಷ್ಟು ಬಿಚ್ಚಿ, ಕೈ ತೂರಿಸಿ, ಮತ್ತೆ ಹೊಲಿದಳು. ಗುಂಡಿ ಹಾಕುತ್ತ ಎದೆಯ ಎಡಕ್ಕೆ ಬಂದಾಗ ಅವಳ ಬೆರಳು ತಾನಾಗಿಯೇ ಬಟ್ಟೆಯ ಮೇಲಿಂದ ಒಮ್ಮೆ ಒತ್ತಿ ನೋಡಿತು. ಒಳಗೆ ಕಾಗದ ಚರಪರ ಎಂದಿತು. ಒಳಜೇಬಿನಲ್ಲಿ ಎರಡು ಗ್ಲೂಕೋಸ್ ಮಿಠಾಯಿ ಹಾಗೇ ಇದ್ದವು.

"ಅದನ್ನ ತೆಗೀಬೇಕೇನೋ," ಎಂದಳು ಮಗಳು.

"ಇರಲಿ ಬಿಡು. ಒಂದಿನಾನೂ ಮುಟ್ಟಿದವರಲ್ಲ ನಿಮ್ಮಪ್ಪ."

ಮಗಳು ಅಪ್ಪನ ಕಾಲರ್ ಸರಿ ಮಾಡಿದಳು. ಬೀದಿಯ ಕೊನೆಯ ಕ್ಷೌರದಂಗಡಿಯಲ್ಲಿ ಎರಡು ಕುರ್ಚಿ. ಒಂದು ಅಪ್ಪನದು, ಇನ್ನೊಂದು ಮಗಳದು. ಇವತ್ತು ಬೆಳಿಗ್ಗೆ ಅಪ್ಪನ ಗಡ್ಡ ತೆಗೆದವಳೂ ಅವಳೇ. ಬೀದಿಯವರೆಲ್ಲ ಅವನನ್ನು ಕತ್ತರಿಯಣ್ಣ ಎಂದೇ ಕರೆಯುತ್ತಿದ್ದರು, ಅವನಿಗಿಂತ ದೊಡ್ಡವರೂ ಸಹ.

ಅಡುಗೆಮನೆಯಲ್ಲಿ ಟೀ ಕುದಿಯುತ್ತಿತ್ತು. ಸತ್ತವನ ತಂಗಿ ಲೋಟಗಳನ್ನು ಜೋಡಿಸುತ್ತ ನಿಂತಿದ್ದಳು. ಲಾಂಡ್ರಿಯಲ್ಲಿ ಇಡೀ ದಿನ ಹಾಸಿಗೆ ಬಟ್ಟೆಗೆ ಇಸ್ತ್ರಿ ಹಾಕಿ ಹಾಕಿ ಗಂಡಸರಂಥ ತೋಳು ಬೆಳೆಸಿಕೊಂಡವಳು. ಹೊಲಿಗೆಯಕ್ಕ ಒಳಗೆ ಬಂದದ್ದೇ ನಾದಿನಿ ಬಾಗಿಲು ಅರೆ ಮುಚ್ಚಿದಳು.

"ಅತ್ತಿಗೆ, ಬೇಜಾರು ಮಾಡ್ಕೋಬೇಡಿ. ಒಂದು ಮಾತು ಕೇಳ್ಲಾ?"

"ಕೇಳು."

"ಮೊನ್ನೆ ಸಂಜೆ ಸೂಜಿ ನೀವೇ ಹಾಕಿದ್ದಾ?"

"ಮತ್ತಿನ್ಯಾರು ಹಾಕ್ತಾರೆ? ದಿನಾ ನಾನೇ ಅಲ್ವಾ?"

"ಅಲ್ಲಾ... ಕಣ್ಣು ಮಂಜಾಗಿದೆ, ದಾರ ಪೋಣಿಸೋಕೆ ಆಗ್ತಿಲ್ಲ ಅಂತಿದ್ರಲ್ಲ. ಆ ಸೂಜಿ ಪೆನ್ನಿನ ಮೇಲೆ ಅಂಕಿ ಸಣ್ಣದಿರುತ್ತೆ. ಸಕ್ಕರೆ ಕಾಯಿಲೆಯೋನು ಸಕ್ಕರೆ ಇಳಿದು ಹೋದ ಅಂದ್ರೆ ಜನ ಕೇಳ್ತಾರಲ್ಲ ಅತ್ತಿಗೆ, ಹೇಗೆ ಅಂತ."

ಹೊಲಿಗೆಯಕ್ಕ ಫ್ರಿಜ್ಜಿನ ಕಡೆ ನಡೆದಳು. ನಿನ್ನೆ ಬೆಳಿಗ್ಗೆ ಹಾಸಿಗೆ ಬೆವರಿನಲ್ಲಿ ತೊಯ್ದಿತ್ತು. ಅವನ ಕಣ್ಣು ಅರೆ ತೆರೆದಿದ್ದವು, ಉಸಿರು ಮಾತ್ರ ಗೊರಗೊರ ಎನ್ನುತ್ತಿತ್ತು. ಆಂಬ್ಯುಲೆನ್ಸಿನ ಹುಡುಗಿ ಬೆರಳು ಚುಚ್ಚಿ ನೋಡಿದರೆ ಮೀಟರಿನಲ್ಲಿ ಅಂಕಿಯೇ ಬರಲಿಲ್ಲ. 'ಲೋ' ಎಂದಷ್ಟೇ ಬಂತು, ತೀರಾ ಕಡಿಮೆ ಅಂತ. ಯಾವಾಗ ನೋಡಿದರೂ ಸಕ್ಕರೆ ಏರಿದೆ, ಏರಿದೆ ಎಂದು ಬಡಿದುಕೊಂಡ ಮನೆಯಲ್ಲಿ ಅಂಥದ್ದೊಂದು ಕಂಡದ್ದೇ ಅದು ಮೊದಲು. ಆಸ್ಪತ್ರೆಯಲ್ಲಿ ಏನೇನೋ ಏರಿಸಿದರು, ಆಗಲೇ ಕೈ ಮೀರಿತ್ತು.

ಫ್ರಿಜ್ಜಿನ ಬಾಗಿಲಿನಿಂದ ಇನ್ಸುಲಿನ್ ಪೆನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು. ಹಾಕಿ ಮುಗಿದ ಮೇಲೆ ಅದು ಸೊನ್ನೆಗೆ ಬಂದು ನಿಲ್ಲುತ್ತದೆ. ಮೊನ್ನೆ ಎಷ್ಟಕ್ಕೆ ತಿರುಗಿಸಿದೆ ಎಂದು ಅದನ್ನು ಕೇಳಿದರೆ ಏನು ಹೇಳೀತು? ಸರಿಯಾಗಿಯೇ ತಿರುಗಿಸಿದ್ದೆ. ತಿರುಗಿಸಿದ್ದೆ ತಾನೇ? ನನ್ನ ಕೈಯಾರೆ ಕೊಂದುಬಿಟ್ಟೆನೇ?

ಹೊರಗೆ ಯಾರೋ ಮೊದಲ ಗುಟುಕು ಕುಡಿದು ಮುಖ ಹಿಂಡಿದರು. "ಏನಮ್ಮಾ, ಸಕ್ಕರೆ ಮರೆತ್ರಾ?"

"ಈ ಮನೇಲಿ ಸಕ್ಕರೆ ಇಲ್ಲ," ಎಂದಳು ಮಗಳು.

\*

ಸಕ್ಕರೆ ಆ ಮನೆಯಿಂದ ಹೊರಬಿದ್ದದ್ದು ಕ್ಲಿನಿಕ್ಕಿನಿಂದ ಬಂದ ದಿನವೇ. ಅಲ್ಲಿ ನರ್ಸು ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಬಿಡಿಸಿ ಹೇಳಿದ್ದಳು.

"ನಾವು ತಿಂದಿದ್ದು ಸಕ್ಕರೆಯಾಗಿ ರಕ್ತಕ್ಕೆ ಬರುತ್ತೆ. ಹೊಟ್ಟೆ ಹಿಂದೆ ಒಂದು ಗ್ರಂಥಿ ಇದೆ. ಎಷ್ಟು ಸಕ್ಕರೆ ಬಂತು ಅಂತ ನೋಡ್ಕೊಂಡು, ಅಷ್ಟಕ್ಕೆ ಸರಿಯಾಗಿ ಇನ್ಸುಲಿನ್ ಬಿಡುತ್ತೆ. ಆಗ ಸಕ್ಕರೆ ರಕ್ತದಿಂದ ಮೈಯೊಳಗೆ ಹೋಗಿ ಕೆಲಸಕ್ಕೆ ಬರುತ್ತೆ. ಹೊಟ್ಟೆ ಖಾಲಿ ಇದ್ರೆ ಇನ್ಸುಲಿನ್ ಕಮ್ಮಿ ಮಾಡುತ್ತೆ, ಪಿತ್ತಜನಕಾಂಗ ಕೂಡಿಟ್ಟಿದ್ದನ್ನ ಸ್ವಲ್ಪ ಸ್ವಲ್ಪ ಬಿಡುತ್ತೆ. ಏರೋಕೂ ಬಿಡಲ್ಲ, ಇಳಿಯೋಕೂ ಬಿಡಲ್ಲ. ನಮ್ಗೆ ಗೊತ್ತೇ ಆಗಲ್ಲ."

"ನನ್ನ ಮೈಲಿ?" ಎಂದಿದ್ದ ಕತ್ತರಿಯಣ್ಣ.

"ನಿಮ್ಮ ಮೈಲಿ ಅದು ಸೋತುಹೋಗ್ತಿದೆ. ಸದ್ಯಕ್ಕೆ ಮಾತ್ರೆ. ಮುಂದೆ ಸೂಜಿ ಬಂದ್ರೂ ಬರಬಹುದು."

ಮನೆಗೆ ಬಂದವಳೇ ಹೊಲಿಗೆಯಕ್ಕ ಸಕ್ಕರೆ ಡಬ್ಬಿ ಎತ್ತಿ ಪಕ್ಕದ ಮನೆಗೆ ಸುರಿದು ಬಂದಳು. ತೊಳೆದು ಒಣಗಿಸಿ ಅದರೊಳಗೆ ಗುಂಡಿಗಳನ್ನು ತುಂಬಿದಳು.

"ನಿಂಗೇನಾಗಿದೆಯೇ? ನೀನು ಹಾಕ್ಕೊಂಡು ಕುಡಿ," ಎಂದ ಅವನು.

"ನಿಮ್ಮೆದುರಿಗೆ ಸಿಹಿ ಕುಡಿದ್ರೆ ನನ್ನ ಗಂಟಲಲ್ಲಿ ಇಳಿಯುತ್ತಾ?"

ನಿಜ ಹೇಳಬೇಕೆಂದರೆ ಸಿಹಿಯ ಹುಚ್ಚು ಇದ್ದದ್ದು ಅವಳಿಗೆ. ಟೀ ಕುಡಿದ ಮೇಲೆ ಲೋಟದ ತಳದ ಸಕ್ಕರೆಯನ್ನು ಬೆರಳಲ್ಲಿ ಬಳಿದು ನೆಕ್ಕುವವಳು. ಅಂಥವಳು ಮಗಳ ಮದುವೆಯ ಕೇಕನ್ನೂ ಮುಟ್ಟಲಿಲ್ಲ. ಗಂಡನ ಪಕ್ಕ ಕುಳಿತು, ಬಂದ ತಟ್ಟೆಯನ್ನೆಲ್ಲ ನಗುನಗುತ್ತಲೇ ಅತ್ತ ದಾಟಿಸಿದಳು.

ಸೂಜಿ ಶುರುವಾದಾಗ ನರ್ಸು ಇನ್ನೊಂದು ಮಾತು ಹೇಳಿದಳು. "ನಿಮ್ಮ ಗ್ರಂಥಿ ಹಾಗೆ ಇದು ಒಳಗೆ ನೋಡ್ಕೊಂಡು ಕೆಲಸ ಮಾಡಲ್ಲ. ಸಕ್ಕರೆ ಇರಲಿ ಬಿಡಲಿ, ಹಾಕಿದಷ್ಟೂ ಇಳಿಸಿಯೇ ತೀರುತ್ತೆ. ಅದಕ್ಕೆ ತಿನ್ನೋದ್ರಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ತಕ್ಷಣ ನಂಗೆ ಹೇಳಿ, ಡೋಸೂ ಬದಲಾಗ್ಬೇಕು. ಕೈ ನಡುಗಿ ಬೆವರು ಬಂದ್ರೆ ಬಾಯಿಗೆ ಹಾಕ್ಕೊಳ್ಳೋಕೆ ಜೇಬಲ್ಲಿ ಮಿಠಾಯಿ ಇರಲಿ."

ಕೈ ನಡುಗುವ ಕ್ಷೌರಿಕ! ಹೊಲಿಗೆಯಕ್ಕ ಅವತ್ತೇ ಅವನ ಎಲ್ಲ ಅಂಗಿಗಳಿಗೂ ಒಳಗಡೆ ಪುಟ್ಟ ಜೇಬು ಹೊಲಿದಳು. ಸಂಜೆ ಅವನು ಬಂದು ಅಂಗಿ ಕಳಚಿದಾಗ ಮೇಲಿಂದ ಒತ್ತಿ ನೋಡುವಳು. ಮಿಠಾಯಿ ಯಾವತ್ತೂ ಹಾಗೇ ಇರುತ್ತಿತ್ತು. ಜೇಬಲ್ಲೇ ಇಟ್ಟುಕೊಂಡೂ ಬಾಯಿಗೆ ಹಾಕದ ಗಂಡಸು! ಅವಳಿಗೆ ಹೆಮ್ಮೆಯೋ ಹೆಮ್ಮೆ.

ಆದರೂ ಸಕ್ಕರೆ ಇಳಿಯಲೊಲ್ಲದು. ನರ್ಸು ಕೇಳಿದಳು, "ಹೊರಗೆ ಏನಾದ್ರೂ ತಿಂತಾರಾ?" ಅವನು ಬಾಯಿ ತೆರೆಯುವ ಮೊದಲೇ ಹೊಲಿಗೆಯಕ್ಕ ಎದ್ದು ನಿಂತಿದ್ದಳು. "ಏನು ಮಾತು ಅಂತ ಆಡ್ತೀರಿ ಸಿಸ್ಟರ್! ಬೇಕಾದ್ರೆ ಆಣೆ ಮಾಡಿ ಹೇಳ್ತೀನಿ, ಒಂದು ಚಿಟಿಕೆ ಮುಟ್ಟಲ್ಲ ಇವರು." ಅವನು ತಲೆ ತಗ್ಗಿಸಿ ತನ್ನ ಕಾಲ್ಬೆರಳು ನೋಡುತ್ತ ಕೂತಿದ್ದ. ನಾಚಿಕೆ ಪಾಪ, ಎಂದುಕೊಂಡಿದ್ದಳು.

ಡಾಕ್ಟರು ಡೋಸು ಏರಿಸಿದರು. ಇಳಿಯಲಿಲ್ಲ. ಮತ್ತೆ ಏರಿಸಿದರು.

\*

ಬೇಕರಿಯವನು ಎರಡು ಪೊಟ್ಟಣ ಸಕ್ಕರೆ ಹಿಡಿದುಕೊಂಡು ಹಿತ್ತಿಲ ಬಾಗಿಲಿನಿಂದ ಬಂದ. ಅವನ ಅಂಗಡಿ ಕ್ಷೌರದಂಗಡಿಯ ಎದುರಿಗೇ. ಅತ್ತು ಅತ್ತು ಮೂಗು ಕೆಂಪಾಗಿತ್ತು.

"ಜನ ಒದ್ದಾಡ್ತಿದ್ದಾರೆ ಅಕ್ಕ. ತಗೊಳ್ಳಿ, ಡಬ್ಬಿ ಎಲ್ಲಿ?" ಎನ್ನುತ್ತ ತಾನೇ ಕಪಾಟಿನಿಂದ ಒಂದು ಡಬ್ಬಿ ತೆಗೆದ. ಮುಚ್ಚಳ ಬಿಚ್ಚಿದರೆ ಒಳಗೆಲ್ಲ ಗುಂಡಿ. ಅದನ್ನು ನೋಡಿ ಅವನಿಗೆ ಮತ್ತೆ ಅಳು ಬಂತು. "ಅಣ್ಣ ಹೇಳ್ತಿದ್ದ, ನಮ್ಮನೇಲಿ ಸಕ್ಕರೆ ಡಬ್ಬಿ ತೆಗೆದ್ರೆ ಗುಂಡಿ ಬರುತ್ತೆ ಅಂತ. ನಂಗೆ ಮೊನ್ನೆನೇ ಗೊತ್ತಾಗ್ಬೇಕಿತ್ತು ಅಕ್ಕ."

"ಏನು ಗೊತ್ತಾಗ್ಬೇಕಿತ್ತು?"

"ಮೈ ಹುಷಾರಿಲ್ಲ ಅಂತ. ಬನ್ನು ಬೇಡ ಅಂದ್ಬಿಟ್ಟ. ಕೆನೆ ತುಂಬಿದ್ದು, ಅವನಿಗೇ ಅಂತ ಎತ್ತಿಟ್ಟಿದ್ದೆ. ಇಷ್ಟು ವರ್ಷದಲ್ಲಿ ಒಂದಿನ ಬೇಡ ಅಂದೋನಲ್ಲ..."

ಅಷ್ಟರಲ್ಲಿ ತಾನು ಯಾರ ಮುಂದೆ ಮಾತಾಡುತ್ತಿದ್ದೇನೆ ಎಂಬುದು ಅವನಿಗೆ ಹೊಳೆಯಿತು. ಡಬ್ಬಿ ಕೈಯಲ್ಲೇ ಉಳಿಯಿತು.

"ಏನಂದೆ?"

"ಏನಿಲ್ಲ ಅಕ್ಕ."

"ಇಷ್ಟು ವರ್ಷದಲ್ಲಿ ಅಂದೆ."

"ಮಗಳು ಊಟಕ್ಕೆ ಅಂತ ಮನೆಗೆ ಬರ್ತಾಳಲ್ಲ, ಆಗ... ಒಂದೇ ಅಕ್ಕ. ದಿನಕ್ಕೆ ಒಂದೇ. ಸಣ್ಣ ಮಗು ಹಾಗೆ ತಿಂತಿದ್ದ. ಅಕ್ಕಂಗೆ ಹೇಳ್ಬೇಡ, ನೊಂದ್ಕೋತಾಳೆ ಅಂದಿದ್ದ."

ಹೊಲಿಗೆಯಕ್ಕನಿಗೆ ಮೊದಲು ನಗುವಿನಂಥದ್ದೇನೋ ಬಂತು. ಆಮೇಲೆ ಮೈಯೆಲ್ಲ ಉರಿದುಹೋಯಿತು. ದಿನಾ ಸಂಜೆ ಎದೆ ಮುಟ್ಟಿ ಮಿಠಾಯಿ ನೋಡುತ್ತಿದ್ದಳಲ್ಲ! ಅವನು ಸುಮ್ಮನೆ ನಿಂತು ಮುಟ್ಟಿಸಿಕೊಳ್ಳುತ್ತಿದ್ದನಲ್ಲ! ಕೆನೆ ತಿಂದ ಬಾಯಿ ಒರೆಸಿಕೊಂಡು ಬಂದು, ಅವಳು ಕೊಟ್ಟ ಕಹಿ ಟೀ ಕುಡಿದು, ಇಬ್ಬರೂ ಒಂದೇ ಅನ್ನುವ ಹಾಗೆ ಮುಖ ಹಿಂಡುತ್ತಿದ್ದನಲ್ಲ! ಇಷ್ಟು ವರ್ಷ ಕಿವಿ ಮೇಲೆ ಹೂವಿಟ್ಟುಕೊಂಡು ಬದುಕಿದವಳು ಅವಳು.

ಬಾಗಿಲಲ್ಲಿ ನೆರಳು ಬಿತ್ತು. ಕ್ಲಿನಿಕ್ಕಿನ ನರ್ಸು ಕೆಲಸದ ಬಟ್ಟೆಯಲ್ಲೇ ಬಂದಿದ್ದಳು. ಹಿಂದೆ ನಾದಿನಿ, ಅವಳ ಹಿಂದೆ ಖಾಲಿ ಲೋಟಗಳ ತಟ್ಟೆ ಹಿಡಿದ ಮಗಳು. ನರ್ಸು ಹೊಲಿಗೆಯಕ್ಕನ ಕೈ ಹಿಡಿದುಕೊಂಡಳು.

"ಸಿಸ್ಟರ್, ನೀವೇ ಹೇಳಿ. ನಾನು ಡೋಸು ಜಾಸ್ತಿ ಹಾಕಿಬಿಟ್ನಾ?"

"ಆಸ್ಪತ್ರೆಯೋರು ಫೋನ್ ಮಾಡಿದ್ರು. ಅದನ್ನೇ ನೋಡೋಣ ಅಂತ ಬಂದೆ. ಎಲ್ಲಿ, ಪೆನ್ನು ಕೊಡಿ." ನರ್ಸು ಒಳಗೆ ಉಳಿದಿದ್ದ ಔಷಧಿ ನೋಡಿದಳು. ಯಾವತ್ತು ಹೊಸದು ಹಾಕಿದ್ದು ಎಂದು ಕೇಳಿ ಮನಸ್ಸಿನಲ್ಲೇ ಕೂಡಿ ಕಳೆದಳು. "ಉಳೀಬೇಕಾದಷ್ಟೇ ಉಳಿದಿದೆ. ನೀವು ಸರಿಯಾಗೇ ಹಾಕಿದ್ದೀರಿ. ಮೊನ್ನೆ ಅವರು ಊಟ ಬಿಟ್ಟಿದ್ರಾ?"

"ಊಟ ಮಾಡಿದ್ರು. ಬಿಟ್ಟಿದ್ದು ಬನ್ನು." ಹೊಲಿಗೆಯಕ್ಕ ಬೇಕರಿಯವನತ್ತ ಕೈ ತೋರಿಸಿದಳು. "ದಿನಾ ಕೆನೆ ಬನ್ನು ತಿನ್ನಿಸ್ತಿದ್ನಂತೆ ಈ ಪುಣ್ಯಾತ್ಮ."

ನರ್ಸು ಮೆಲ್ಲಗೆ ಸ್ಟೂಲಿನ ಮೇಲೆ ಕೂತಳು. "ಹಾಗಿದ್ರೆ ನಾವು ಏರಿಸಿದ ಡೋಸೆಲ್ಲ ಆ ಸಕ್ಕರೆಗೇ ಹೋಗ್ತಿತ್ತು. ಅದು ನಿಂತ ದಿನ ಸೂಜಿ ಅಷ್ಟೇ ಬಿದ್ದಿದೆ. ಒಳಗೆ ಇಳಿಸೋಕೆ ಏನೂ ಇಲ್ಲ, ಇದ್ದದ್ದನ್ನೂ ಇಳಿಸಿಬಿಟ್ಟಿದೆ. ಆದ್ರೂ ಅಕ್ಕ, ಒಂದು ಬನ್ನಿಗೆ ಇಷ್ಟು... ಲೆಕ್ಕ ಸರಿ ಬರ್ತಿಲ್ಲ."

ನಾದಿನಿಯ ದೊಡ್ಡ ತೋಳು ಸೆರಗಿನೊಳಗೆ ಹೋಯಿತು. ಹೊಲಿಗೆಯಕ್ಕ ಅದನ್ನು ಕಂಡಳು.

"ನೀನೂನಾ?"

"ಅತ್ತಿಗೆ, ಒಂದು ಲೋಟ ಟೀ ಅಷ್ಟೇ..." ಎಂದಳು ನಾದಿನಿ. "ಅಂಗಡಿ ಮುಚ್ಚಿಕೊಂಡು ಮನೆಗೆ ಹೋಗ್ತಾ ನನ್ನ ಹತ್ರ ಬರ್ತಿದ್ದ. ಮೊದಲಿಂದ್ಲೂ ನಮ್ಮಮ್ಮ ಮಾಡ್ತಿದ್ದ ಹಾಗೆ ಪಾಕದಂಥ ಟೀ ಬೇಕು ಅವನಿಗೆ. ಮನೇಲಿ ಕಹಿ ನೀರು ಕುಡಿಸ್ತಾಳೆ ಕಣೇ ಅಂತಿದ್ದ. ನಂಗೆ ಹೊಟ್ಟೆ ಉರೀತಿತ್ತು. ನಾನೊಬ್ಬಳೇ ಕೊಡೋದು ಅಂದ್ಕೊಂಡಿದ್ದೆ. ಮೊನ್ನೆ ಬರ್ಲಿಲ್ಲ. ಬೀದಿಯಿಂದಾನೇ ಕೈ ಆಡಿಸಿ ಹೋದ."

"ಕಹಿ ನೀರು," ಎಂದಳು ಹೊಲಿಗೆಯಕ್ಕ. "ಆ ಕಹಿ ನೀರನ್ನ ನಾನೂ ಕುಡಿದೆ ಕಣೇ. ನಂಗೇನು ಕಾಯಿಲೆ ಇತ್ತಾ?"

ತಟ್ಟೆಯ ಮೇಲಿನ ಲೋಟಗಳು ಸಣ್ಣಗೆ ಸದ್ದು ಮಾಡತೊಡಗಿದವು. ಹೊಲಿಗೆಯಕ್ಕ ತಿರುಗಿ ನೋಡಿದಳು. ನೋಡಿದ ಕೂಡಲೇ, ನೋಡಬಾರದಿತ್ತು ಎನಿಸಿತು.

"ನೀನು ಮಾತ್ರ ಬೇಡ," ಎಂದಳು ಮಗಳಿಗೆ. "ನೀನು ಇಲ್ಲ ಅನ್ನು."

"ಅರ್ಧ ಬಾಟಲು ಅಮ್ಮ." ಮಗಳು ತಟ್ಟೆ ಕೆಳಗಿಟ್ಟಳು. "ಕೂಲ್ ಡ್ರಿಂಕು. ಮಧ್ಯಾಹ್ನ ಸೆಕೆಗೆ ಇಬ್ಬರೂ ಅರ್ಧರ್ಧ... ನಾನು ಕುಡೀತಿದ್ರೆ ಸುಮ್ನೆ ನೋಡ್ತಾ ನಿಂತಿರೋರು. ಹೇಗಮ್ಮಾ ಇಲ್ಲ ಅನ್ನಲಿ? ಮೊನ್ನೆ ನಾನು ಕೊಟ್ಟೆ, ಅವರೇ ಬೇಡ ಅಂದ್ರು. ಖುಷಿ ಆಯ್ತು ನಂಗೆ. ನಿಂಗೆ ಹೇಳೋಣ ಅಂದ್ಕೊಂಡೆ. ಹೇಳಿದ್ರೆ ಹಿಂದಿನದೆಲ್ಲ ಹೇಳ್ಬೇಕಾಗುತ್ತೆ ಅಂತ..."

ಮುಂದಿನದು ಅಳುವಿನಲ್ಲಿ ಮುಳುಗಿತು.

\*

ಮೊನ್ನೆ ಸಂಜೆ ಅವನು ದಿನಕ್ಕಿಂತ ಬೇಗ ಬಂದಿದ್ದ. ಹಿಂದಿನ ದಿನವಷ್ಟೇ ಡಾಕ್ಟರು ಅವನ ಕಾಲ್ಬೆರಳಿನ ಹುಣ್ಣು ನೋಡಿ, ಹೀಗೇ ಇದ್ದರೆ ಬೆರಳು ತೆಗೆಯಬೇಕಾಗುತ್ತದೆ ಎಂದಿದ್ದರು. ದಿನವಿಡೀ ನಿಂತೇ ದುಡಿಯುವವನಿಗೆ ಕಾಲೆಂದರೆ ಅನ್ನ. ಬಂದವನೇ ಚಪ್ಪಲಿ ಬಿಡದೆ ಬಾಗಿಲಲ್ಲಿ ನಿಂತು, "ಇವತ್ತಿಂದ ಸರಿ ಹೋಗ್ತೀನಿ ಬಿಡೇ," ಎಂದ.

"ಏನು ಸರಿ ಹೋಗ್ತೀರಿ?"

"ಎಲ್ಲಾನೂ."

ಮನೆಯೊಳಗೂ ಚಪ್ಪಲಿ ಹಾಕಿಕೊಂಡಿರಿ ಎಂದು ಡಾಕ್ಟರು ಹೇಳಿದ್ದ ವಿಷಯ ಇರಬೇಕು ಎಂದುಕೊಂಡು ಅವಳು ನಕ್ಕಳು. ಅಂಗಿ ಕಳಚಿಸಿಕೊಂಡು ಜೇಬು ಒತ್ತಿ ನೋಡಿ ಮೊಳೆಗೆ ತೂಗುಹಾಕಿದಳು. ಫ್ರಿಜ್ಜಿನಿಂದ ಪೆನ್ನು ತಂದು ಟಕ್ ಟಕ್ ಎಂದು ತಿರುಗಿಸತೊಡಗಿದಳು. ಅವನು ಹೊಟ್ಟೆಯ ಮೇಲಿನ ಬನಿಯನ್ ಎತ್ತಿ ಹಿಡಿದು ಕೂತಿದ್ದ.

"ಈ ಡೋಸು..." ಎಂದ.

"ಏನು?"

ಅವನು ಅವಳ ಮುಖ ನೋಡಿದ. ಕನ್ನಡಕದ ಮೇಲಿನಿಂದ ಅಂಕಿಯನ್ನು ಹುಡುಕುತ್ತಿದ್ದ ಅವಳ ಕಣ್ಣು ನೋಡಿದ.

"ಏನಿಲ್ಲ. ಹಾಕು."

\*

ಮುಂದಿನ ಕೋಣೆಗೆ ಬಂದು ಹೊಲಿಗೆಯಕ್ಕ ಅವನನ್ನು ಮಲಗಿಸಿದ್ದ ಶವದ ಪೆಟ್ಟಿಗೆಯ ಪಕ್ಕ ನಿಂತಳು. ಜನ ಜಾಗ ಬಿಟ್ಟುಕೊಟ್ಟರು. ಅಳುತ್ತಾಳೆ ಎಂದು ಕಾದರು. ಅವಳು ಅಳಲಿಲ್ಲ.

"ತಿಂದಿದ್ದನ್ನ ಮುಚ್ಚಿಟ್ಟೆ, ಹೋಗ್ಲಿ," ಎಂದಳು ಅವನಿಗೆ. "ಬಿಟ್ಟಿದ್ದನ್ನೂ ಮುಚ್ಚಿಟ್ಟೆಯಲ್ಲ! ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ನಿಂಗೆ? ಬೈತಿದ್ದೆ. ಎರಡು ದಿನ ಮಾತು ಬಿಡ್ತಿದ್ದೆ. ಅಷ್ಟೇ ಅಲ್ವಾ? ಸುಳ್ಳು ಅಳತೆ ಕೊಟ್ಟು ನನ್ನ ಕೈಲೇ ಹೊಲಿಸ್ಕೊಂಡೆಯಲ್ಲೋ."

ಮದುವೆಯಾದಾಗಿನಿಂದ ಅವಳು ಅವನನ್ನು ನೀನು ಎಂದವಳಲ್ಲ. ಕೋಣೆಯಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅವಳು ಬಗ್ಗಿ ಒಂದು ಗುಂಡಿ ಬಿಚ್ಚಿ, ಒಳಜೇಬಿಗೆ ಬೆರಳು ಹಾಕಿದಳು. ಮಿಠಾಯಿ ಬರಲಿಲ್ಲ. ಮೈಯ ಕಾವಿಗೆ ಎಂದೋ ಕರಗಿ, ಕಾಗದ ಸಮೇತ ಬಟ್ಟೆಗೆ ಅಂಟಿಕೊಂಡು ಗಟ್ಟಿಯಾಗಿದ್ದವು. ಜೋರಾಗಿ ಎಳೆದಳು. ಜೇಬಿನ ಹೊಲಿಗೆ ಪರ್ರೆಂದು ಕಿತ್ತು ಬಂತು. ಅದನ್ನು ಹಾಗೇ ಮೆಷಿನ್ನಿನ ಮೇಲೆ ಬಿಸಾಕಿ, ಗುಂಡಿ ಹಾಕಿದಳು. ಎದೆಯ ಮೇಲೆ ಈಗ ಏನೂ ಉಬ್ಬಿರಲಿಲ್ಲ.

ವ್ಯಾನಿನವನು ಬಾಗಿಲಿಗೆ ಬಂದ. "ಅಮ್ಮಾ, ಗಾಡಿ ಈ ಓಣಿಯೊಳಗೆ ಬರಲ್ಲ. ಬೀದಿ ತನಕ ಹೊರಬೇಕು. ನಾಲ್ಕು ಜನ ಗಟ್ಟಿಮುಟ್ಟಾದೋರು ಬನ್ನಿ."

ಕತ್ತರಿಯಣ್ಣನ ಹಳೆಯ ಗಿರಾಕಿಗಳು, ಅವನ ಕೈಯಲ್ಲೇ ಮೊದಲ ಮೀಸೆ ತಿದ್ದಿಸಿಕೊಂಡ ತರುಣರು ತೋಳು ಮಡಚಿಕೊಂಡು ಮುಂದೆ ಬಂದರು.

"ನೀವೆಲ್ಲ ನಿಲ್ಲಿ," ಎಂದಳು ಹೊಲಿಗೆಯಕ್ಕ. ಅಡುಗೆಮನೆಯ ಕಡೆ ತಿರುಗಿದಳು. "ಬನ್ನಿ ಇಲ್ಲಿ. ತಿನ್ನಿಸಿದೋರೇ ಹೊರಲಿ."

ಬೇಕರಿಯವನು ಕಣ್ಣೊರೆಸಿಕೊಂಡು ಬಂದ. ನಾದಿನಿ ಸೆರಗು ಸಿಕ್ಕಿಸಿಕೊಂಡು ಬಂದಳು. ಮಗಳು ಕೊನೆಗೆ ಬಂದಳು. ಮೂವರೂ ತಲೆ ಎತ್ತಲಿಲ್ಲ. ಒಂದೊಂದು ಮೂಲೆ ಹಿಡಿದರು.

"ಇನ್ನೊಬ್ಬರು ಬೇಕಲ್ಲಮ್ಮ," ಎಂದು ವ್ಯಾನಿನವನು ತಾನೇ ನಾಲ್ಕನೆಯ ಮೂಲೆಗೆ ಕೈ ಹಾಕಿದ. ಹೊಲಿಗೆಯಕ್ಕ ಅವನ ಕೈ ಬಿಡಿಸಿದಳು.

"ಇದು ನಂದು. ಸೂಜಿ ಹಾಕಿದ ಕೈ ಇದೇ."

"ಅಮ್ಮಾ, ಬೇಡ," ಎಂದಳು ಮಗಳು.

"ಎತ್ತಿ."

ಎತ್ತಿದರು. ಅವಳು ಎಲ್ಲರಿಗಿಂತ ಗಿಡ್ಡ. ಪೆಟ್ಟಿಗೆ ಅವಳ ಮೂಲೆಗೆ ವಾಲಿತು, ಒಳಗೆ ಅವನು ಅವಳ ಕಡೆಗೆ ಸರಿದ ಸದ್ದಾಯಿತು. ಭಾರವೆಲ್ಲ ಅವಳ ಭುಜಕ್ಕೆ ಬಂತು. ಜನ ಹಾ ಎಂದು ಕೈ ಚಾಚಿದರು. ಅವಳು ಬಿಡಲಿಲ್ಲ.

"ಬಗ್ಗಿ," ಎಂದಳು.

ಮೊದಲು ಬೇಕರಿಯವನು ಮೊಣಕಾಲು ಮಡಚಿದ. ಆಮೇಲೆ ನಾದಿನಿ. ಆಮೇಲೆ ಮಗಳು. ಪೆಟ್ಟಿಗೆ ಮೆಲ್ಲಗೆ ಸಮಕ್ಕೆ ಬಂತು. ಹಾಗೇ ಮೂವರೂ ಅರ್ಧ ಕೂತವರಂತೆ ಬಗ್ಗಿಕೊಂಡು, ಅವಳ ಎತ್ತರಕ್ಕೆ ಸರಿಯಾಗಿ, ಓಣಿಯುದ್ದಕ್ಕೂ ನಡೆದರು.